ಪ್ರಾಜೆಕ್ಟು ಮಕ್ಕಳದೋ, ಅಂಗಡಿಯದೋ?

ಬೆಳಿಗ್ಗೆ ಎಂಟೂವರೆ. ಹುಬ್ಬಳ್ಳಿಯ ಸಿ.ಬಿ.ಟಿ.ಯಿಂದ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಆ ನೂಕುನುಗ್ಗಲಿನ ನಡುವೆ ಜನರ ತಲೆಗಳ ಮೇಲೆ ಒಂದು ಗೋಳಗುಮ್ಮಟ ತೇಲುತ್ತ ಬರುತ್ತದೆ! ಥರ್ಮಾಕೋಲಿನ ಗುಮ್ಮಟ. ಅದನ್ನು ಎತ್ತಿ ಹಿಡಿದವಳು ತಾಯಿ. ಆಕೆಯ ಸೆರಗು ಹಿಡಿದು ನಿಂತವನು ನಾಲ್ಕನೇ ಇಯತ್ತೆಯ ಹುಡುಗ. ಡ್ರೈವರ್ ಒಮ್ಮೆ ಬ್ರೇಕ್ ಒತ್ತಿದರೆ ಸಾಕು, ಒಂದು ಮಿನಾರು ಪಟ್ಟನೆ ಮುರಿದು ಯಾರದೋ ಟಿಫಿನ್ ಚೀಲದೊಳಗೆ ಬೀಳುತ್ತದೆ. ಹುಡುಗ ಅಳುವುದಿಲ್ಲ. ತಾಯಿಯ ಕಣ್ಣಲ್ಲಿ ಮಾತ್ರ ನೀರು.

ಹುಡುಗ ಯಾಕೆ ಅಳುವುದಿಲ್ಲ? ಉತ್ತರ ಸರಳ. ಅದು ಅವನು ಮಾಡಿದ್ದಲ್ಲ!

ಶಾಲೆಗಳು ಶುರುವಾಗಿ ತಿಂಗಳು ಕಳೆಯಿತೆಂದರೆ ಅವಳಿ ನಗರದ ಬಸ್ಸುಗಳಲ್ಲಿ ಇಂಥ ನೋಟ ಸಾಮಾನ್ಯ. ಜ್ವಾಲಾಮುಖಿ, ಸೌರಮಂಡಲ, ಮಳೆನೀರು ಕೊಯ್ಲು, ಕೋಟೆ ಕೊತ್ತಲ ಎಲ್ಲವೂ ಬಸ್ ಹತ್ತುತ್ತವೆ. ಹೆಸರು ಮಕ್ಕಳ ಪ್ರಾಜೆಕ್ಟು. ಮಾಡಿದವರು ಮಾತ್ರ ಅಪ್ಪ, ಅವ್ವ, ಸೋದರಮಾವ, ಇಲ್ಲವೇ ಅಂಗಡಿಯವರು.

ರಾತ್ರಿ ಎಂಟೂವರೆಯ ವ್ಯಾಪಾರ

ಬೆಳಗಿನ ಈ ಪೀಕಲಾಟದ ಮೂಲ ಇರುವುದು ಹಿಂದಿನ ರಾತ್ರಿಯಲ್ಲಿ. ಸ್ಟೇಷನರಿ ಅಂಗಡಿಯ ಶಟರ್ ಅರ್ಧ ಇಳಿದಿರುತ್ತದೆ. ಆಗ ಏದುಸಿರು ಬಿಡುತ್ತ ಬಂದವರ ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“ಅಣ್ಣಾರ, ನಾಳಿ ಮುಂಜಾನೆ ಬೇಕ್ರಿ. ಜಲಚಕ್ರ ಅಂತ ಏನೋ ಹೇಳ್ಯಾರಂತ. ರೆಡಿ ಐತೇನ್ರಿ?”

“ಜಲಚಕ್ರ ಖಾಲಿ ಆತ್ರಿ ಅಕ್ಕಾರ. ಜ್ವಾಲಾಮುಖಿ ಐತಿ, ಗೋಳಗುಮ್ಮಟ ಐತಿ. ಯಾವುದು ಕೊಡ್ಲಿ?”

“ಯಾವುದರ ಒಂದು ಕೊಡ್ರಿ. ಒಟ್ಟ ಮಾರ್ಕ್ಸ್ ಬಂದ್ರ ಸಾಕು.”

ನಗುವ ಮಾತಲ್ಲ ಇದು. ಅಂಗಡಿಯವರ ತಪ್ಪೂ ಇದರಲ್ಲಿ ದೊಡ್ಡದಲ್ಲ. ಗಿರಾಕಿ ಕೇಳಿದ್ದನ್ನು ಇಡುವುದು ಅವರ ಕಸುಬು. ತಾಯಿಯ ತಪ್ಪೂ ಅಲ್ಲ. ದಿನವೆಲ್ಲ ದುಡಿದು ಬಂದು, ರೊಟ್ಟಿ ಬಡಿದು, ರಾತ್ರಿ ಹನ್ನೊಂದಕ್ಕೆ ಕತ್ತರಿ ಹಿಡಿದು ಕೂಡಲು ಆಕೆಗೆ ಎಲ್ಲಿಯ ಕಸುವು? ಆದರೆ ಮರುದಿನ ತರಗತಿಯಲ್ಲಿ ನಡೆಯುವುದು ನೋಡಿ. ತನ್ನದಲ್ಲದ ಕೆಲಸದ ಕೆಳಗೆ ಎಂಟು ವರ್ಷದ ಕೂಸು ತನ್ನ ಹೆಸರು ಬರೆಯುತ್ತದೆ. ಅದಕ್ಕೆ ಮಾರ್ಕ್ಸೂ ಬರುತ್ತದೆ, ಚಪ್ಪಾಳೆಯೂ ಬರುತ್ತದೆ. ಪಕ್ಕದ ಬೆಂಚಿನಲ್ಲಿ ಇನ್ನೊಂದು ಕೂಸು ತಾನೇ ಮಾಡಿದ ಸೊಟ್ಟ ಮಣ್ಣಿನ ಮನೆಯನ್ನು ಹಿಡಿದು ತಲೆ ತಗ್ಗಿಸಿ ಕೂತಿರುತ್ತದೆ. ಇಬ್ಬರೂ ಅವತ್ತು ಒಂದೊಂದು ಪಾಠ ಕಲಿಯುತ್ತಾರೆ. ಆ ಪಾಠ ಯಾವ ಪುಸ್ತಕದಲ್ಲೂ ಇರಬಾರದಾಗಿತ್ತು.

ಥರ್ಮಾಕೋಲಿನ ಕಾನೂನು

ವ್ಯಾಪಾರಸ್ಥರು ನೆನಪಿಡಬೇಕಾದ ಸಂಗತಿ ಇನ್ನೊಂದಿದೆ. ಕರ್ನಾಟಕ ಸರಕಾರ 2016ರಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಆದೇಶದಲ್ಲೇ ಥರ್ಮಾಕೋಲಿನ ಹೆಸರಿತ್ತು. ಆಮೇಲೆ ಕೇಂದ್ರ ಸರಕಾರ 2021ರ ಆಗಸ್ಟ್‌ನಲ್ಲಿ ನಿಯಮ ತಿದ್ದಿತು. 2022ರ ಜುಲೈ 1ರಿಂದ ಕೆಲವು ಪ್ಲಾಸ್ಟಿಕ್ ಸಾಮಾನುಗಳನ್ನು ತಯಾರಿಸುವುದು, ದಾಸ್ತಾನು ಇಡುವುದು, ಮಾರುವುದು, ಬಳಸುವುದು ದೇಶದಾದ್ಯಂತ ನಿಷಿದ್ಧವಾಯಿತು. ಆ ಪಟ್ಟಿಯಲ್ಲಿ ಬಲೂನಿನ ಪ್ಲಾಸ್ಟಿಕ್ ಕಡ್ಡಿ ಇದೆ, ಪ್ಲಾಸ್ಟಿಕ್ ಬಾವುಟ ಇದೆ, ಅಲಂಕಾರದ ಥರ್ಮಾಕೋಲೂ ಇದೆ. ಶಾಲೆಯ ಗೋಳಗುಮ್ಮಟ ಅಲಂಕಾರವೋ ಪಾಠವೋ ಎಂದು ವಾದ ಮಾಡಬಹುದು. ತಪಾಸಣೆಗೆ ಬಂದವರ ಮುಂದೆ ಆ ವಾದ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಬೇರೆ ಮಾತು.

ಥರ್ಮಾಕೋಲಿನಲ್ಲಿ ಇರುವುದು ಬಹುಪಾಲು ಗಾಳಿ. ಉಳಿದದ್ದು ಪಾಲಿಸ್ಟೈರಿನ್ ಎಂಬ ಪ್ಲಾಸ್ಟಿಕ್. ಮಣ್ಣಿನಲ್ಲಿ ಕರಗದು, ನೀರಿನಲ್ಲಿ ಮುಳುಗದು. ಪುಡಿಪುಡಿಯಾಗಿ ಗಟಾರಕ್ಕೆ ಸೇರಿದರೆ ತೇಲಿಕೊಂಡು ಹೋಗಿ ತೂಬಿಗೆ ಅಡ್ಡ ನಿಲ್ಲುತ್ತದೆ. ಸುಟ್ಟರೆ ಕಪ್ಪು ಹೊಗೆ. ಕೆಲವರು ಕಾಸಿದ ತಂತಿಯಿಂದ ಅದನ್ನು ಕತ್ತರಿಸುತ್ತಾರೆ. ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೀಗೆ ಮಾಡುವುದು ಆ ಹೊಗೆಯನ್ನು ಅವರಿಗೂ ಕುಡಿಸಿದಂತೆ.

ಹಾಗಾದರೆ ಮಕ್ಕಳು ಏನು ಮಾಡಬೇಕು? ಯಾವುದರಿಂದ ಮಾಡಬೇಕು?

ಪೇಟೆಯೇ ಕಪಾಟು

ಮಕ್ಕಳ ಕೈಕೆಲಸಕ್ಕೆ ಬೇಕಾದ ಸಾಮಾನು ಪೇಟೆಯಲ್ಲಿ ದಿನಾ ಕಸದ ಗಾಡಿಗೆ ಹೋಗುತ್ತಿದೆ. ದುರ್ಗದ ಬೈಲಿನಿಂದ ಜವಳಿ ಸಾಲಿನ ತನಕ ಒಮ್ಮೆ ನಡೆದು ನೋಡಿದರೆ ಸಾಕು. ಕಿರಾಣಿ ಅಂಗಡಿಯ ಮುಂದೆ ರಟ್ಟಿನ ಪೆಟ್ಟಿಗೆಗಳು. ದರ್ಜಿಯ ಮೆಷಿನ್ ಕೆಳಗೆ ಬಣ್ಣಬಣ್ಣದ ಚಿಂದಿ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಕತ್ತರಿಸಿ ಉಳಿದ ಪಟ್ಟಿಗಳು. ಬಡಿಗೇರನ ಕಡೆ ಕಟ್ಟಿಗೆಯ ಹೊಟ್ಟು. ಧಾನ್ಯದ ಅಂಗಡಿಯಲ್ಲಿ ಹರಕು ಗೋಣಿಚೀಲ. ಧಾರವಾಡದ ಕಡೆ ಹೋದರೆ ಪೇಢೆಯ ಖಾಲಿ ಡಬ್ಬಿ. ಇವು ಯಾವುದಕ್ಕೂ ರೊಕ್ಕ ಕೊಡಬೇಕಾಗಿಲ್ಲ. “ಮಾಮಾ, ಇದು ನಿಮಗ ಬ್ಯಾಡ ಅಂದ್ರ ನಾ ಒಯ್ಯಲೇನ್ರಿ?” ಎಂದು ಕೂಸು ಕೇಳಿದರೆ ಇಲ್ಲ ಎನ್ನುವ ಅಂಗಡಿಕಾರ ಈ ಊರಲ್ಲಿ ಸಿಗುವುದು ಕಷ್ಟ.

ಹರಕು ಗೋಣಿ, ಕಟ್ಟಿಗೆ ಹೊಟ್ಟು ಎಂದರೆ ಮೂಗು ಮುರಿಯಬೇಕಾಗಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ತಮ್ಮ ಹೆಸರಾಂತ ಗೊಂಬೆಗಳಿಗೆ ಬಳಸುವುದು ಇದನ್ನೇ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಅದಕ್ಕೆ ಕಟ್ಟಿಗೆ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಕಲಸುತ್ತಾರೆ. ಅದರ ಹೆಸರು ‘ಕಿಟ್ಟ’. ಹಗುರ ಕಟ್ಟಿಗೆಯ ಗೊಂಬೆಗೆ ಈ ಕಿಟ್ಟ ಬಳಿದು, ಅರಿವೆ ಅಂಟಿಸಿ, ಮೇಲೆ ಬಣ್ಣ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲೆ ಅದು. ನಾವು ಎಸೆಯುವ ವಸ್ತುವಿನಿಂದಲೇ ಆ ಗೊಂಬೆಗಳಿಗೆ ಮೈ ಬಂದಿದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಮೊದಲಿನ ಬಸ್ ಟಿಕೀಟು ಬಣ್ಣದ ತೆಳು ಕಾಗದ. ಮಕ್ಕಳು ಅದನ್ನು ಕೂಡಿಟ್ಟು ಮಾಲೆ, ಬೀಸಣಿಕೆ ಮಾಡುತ್ತಿದ್ದರು. ಈಗ ಕಂಡಕ್ಟರ್ ಕೈಯ ಮೆಷಿನ್ನಿನಿಂದ ಬರುವ ಟಿಕೀಟು ಹಾಗಲ್ಲ. ಉಗುರಿನಿಂದ ಗೀರಿದರೆ ಕಪ್ಪಗಾಗುತ್ತದೆ. ಅದರ ಮೇಲೆ ಬಿಸಿಗೆ ಬಣ್ಣ ತಿರುಗುವ ರಾಸಾಯನಿಕದ ಲೇಪನ ಇರುತ್ತದೆ. ಅಂಗಡಿಯ ಬಿಲ್ಲಿನ ಸುರುಳಿಯೂ ಅಂಥದ್ದೇ. ಮಕ್ಕಳು ಬಾಯಿಗೆ ಹಾಕುವ ವಯಸ್ಸಿನವರಾದರೆ ಅದನ್ನು ಆಟಕ್ಕೆ ಕೊಡದಿರುವುದು ಲೇಸು.

ಹೊಲದ ಥರ್ಮಾಕೋಲ್: ಜೋಳದ ದಂಟು

ಥರ್ಮಾಕೋಲ್ ಬರುವ ಮೊದಲೇ ನಮ್ಮ ಹೊಲಗಳಲ್ಲಿ ಅದಕ್ಕಿಂತ ಒಳ್ಳೆಯ ವಸ್ತು ಬೆಳೆಯುತ್ತಿತ್ತು, ಈಗಲೂ ಬೆಳೆಯುತ್ತದೆ. ಒಣಗಿದ ಜೋಳದ ದಂಟಿನ ಒಳಗಿನ ಬೆಂಡು. ಬಿಳಿ, ಹಗುರ, ಮೆತ್ತಗೆ. ಚುಚ್ಚಿದರೆ ಕಡ್ಡಿ ಹಿಡಿದು ನಿಲ್ಲುತ್ತದೆ. ಲಗ್ನದ ಬಾಸಿಂಗವನ್ನು ಬೆಂಡಿನಿಂದಲೇ ಮಾಡುವ ರೂಢಿ ಹಳೆಯದು. ಹಳ್ಳಿಯ ಹುಡುಗರಿಗೆ ದಂಟಿನ ಚಕ್ಕಡಿ ಮಾಡುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಮಾಡುವ ರೀತಿ ಹೀಗೆ. ಹೆಬ್ಬೆರಳಿನಷ್ಟು ದಪ್ಪದ ನಾಲ್ಕೈದು ಒಣ ದಂಟು ಆರಿಸಬೇಕು. ಹಳ್ಳಿಯಿಂದ ಬರುವ ಹಾಲಿನವರಿಗೆ ಹೇಳಿದರೆ ಬಣವೆಯಿಂದ ಹಿರಿದು ತಂದಾರು. ಗೆಣ್ಣುಗಳನ್ನು ಬಿಟ್ಟು ಗೇಣುದ್ದ ತುಂಡು ಮಾಡಬೇಕು. ಮೇಲಿನ ಸಿಪ್ಪೆಯನ್ನು ಉದ್ದುದ್ದ ಸೀಳಿ ತೆಗೆದರೆ ಎರಡು ಸಾಮಾನು ಕೈಗೆ ಬಂತು. ಒಳಗಿನದು ಬೆಂಡು, ಹೊರಗಿನದು ಗಟ್ಟಿ ಸಿಬರು. ಬೆಂಡು ಇಟ್ಟಿಗೆಯಾದರೆ ಸಿಬರು ಮೊಳೆ. ಅಂಟು ಬೇಡ, ದಾರ ಬೇಡ.

ಎರಡು ಬೆಂಡಿನ ತುಂಡುಗಳನ್ನು ಸಮಾಂತರ ಇಟ್ಟು, ನಡುವೆ ಐದಾರು ಸಿಬರು ಚುಚ್ಚಿದರೆ ಏಣಿಯಂತಾಗುತ್ತದೆ. ಅದೇ ಚಕ್ಕಡಿಯ ತಳ. ಅದರ ಮೇಲೆ ನಿಲುವಾಗಿ ಸಿಬರು ಚುಚ್ಚಿದರೆ ಪಕ್ಕದ ಗೂಟ. ಬೆಂಡನ್ನು ಬೆರಳಗಲ ಅಡ್ಡ ಕೊಯ್ದರೆ ಗುಂಡನೆಯ ಚಕ್ರ. ನಡುವೆ ಒಂದು ಸಿಬರು ತೂರಿಸಿದರೆ ಅಚ್ಚು. ಇನ್ನೆರಡು ತುಂಡಿಗೆ ಕಾಲು, ಕೋಡು ಚುಚ್ಚಿದರೆ ಎತ್ತು! ಒಂದು ತಾಸಿನ ಕೆಲಸ. ಸಿಪ್ಪೆಯ ಅಂಚು ಬ್ಲೇಡಿನಂತೆ ಹರಿತ. ಸೀಳುವ ಕೆಲಸ ದೊಡ್ಡವರದು, ಚುಚ್ಚುವ ಕೆಲಸ ಮಕ್ಕಳದು. ಇಷ್ಟು ಪಾಲು ಮಾಡಿಕೊಂಡರೆ ಸಾಕು.

ಇದೇ ಲೆಕ್ಕದಲ್ಲಿ ಮನೆ, ಸೇತುವೆ, ಬಾವಿಯ ರಾಟೆ ಎಲ್ಲವೂ ಆಗುತ್ತದೆ. ಪ್ರಾಜೆಕ್ಟು ಮುಗಿದ ಮೇಲೆ ಎಮ್ಮೆಗೆ ಹಾಕಿದರೆ ತಿಂದು ಬಿಡುತ್ತದೆ. ಥರ್ಮಾಕೋಲಿಗೆ ಆ ಭಾಗ್ಯವಿಲ್ಲ.

ಪಂಚಾಂಗದ ಡ್ರಾಯಿಂಗ್ ಕ್ಲಾಸು

ಮಕ್ಕಳಿಗೆ ಮಣ್ಣಿನ ಕೆಲಸ ಕಲಿಸಲು ಪ್ರತ್ಯೇಕ ಶಿಬಿರವೇ ಆಗಬೇಕೆಂದಿಲ್ಲ. ಉತ್ತರ ಕರ್ನಾಟಕದಲ್ಲಿ ಪಂಚಾಂಗವೇ ಪಾಠಪಟ್ಟಿ. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ. ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೆ ಜೋಕುಮಾರ. ಹಿರಿಯರ ಲೆಕ್ಕದಲ್ಲಿ ಇವು ಐದು ಮಣ್ಣಿನ ಪೂಜೆ. ಮೊದಲ ಮಳೆಯಿಂದ ಬೆಳೆ ಏಳುವ ತನಕ ಮಣ್ಣನ್ನು ಕೈಯಲ್ಲಿ ಹಿಡಿಯುವ ನೆಪ.

ಈಗ ಪೇಟೆಯಲ್ಲಿ ಎತ್ತು ಕೊಂಡು ತಂದು ಜಗಲಿಯ ಮೇಲಿಟ್ಟು ಕೈತೊಳೆದುಕೊಳ್ಳುವವರೇ ಹೆಚ್ಚು. ಕುಂಬಾರರ ಹೊಟ್ಟೆಯ ಪ್ರಶ್ನೆ ಇದೆ, ಅವರಿಂದ ಒಂದು ಜೋಡಿ ಕೊಳ್ಳಲೇಬೇಕು. ಜೊತೆಗೆ ಅವರಿಂದಲೇ ಒಂದು ಉಂಡೆ ಹದ ಮಾಡಿದ ಮಣ್ಣನ್ನೂ ಕೊಂಡು ತಂದರೆ ಮನೆಯ ಮಕ್ಕಳಿಗೆ ಒಂದು ಸಂಜೆಯ ಕೆಲಸ. ಹೊಲದ ಎರೆಮಣ್ಣಾದರೆ ಒಂದು ತೊಡಕುಂಟು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಅದಕ್ಕೆ ಸ್ವಲ್ಪ ಸಣ್ಣ ಉಸುಕು, ಒಂದು ಹಿಡಿ ಹೊಟ್ಟು ಅಥವಾ ಬಿಡಿಸಿದ ಹತ್ತಿ ಬೆರೆಸಿ ತುಳಿದರೆ ಬಿರುಕು ಕಡಿಮೆ.

ಮಕ್ಕಳು ಮಾಡುವ ದೊಡ್ಡ ತಪ್ಪು ಒಂದೇ. ಮೈ ಬೇರೆ, ಕಾಲು ಬೇರೆ ಮಾಡಿ ಅಂಟಿಸುತ್ತಾರೆ. ಒಣಗಿದೊಡನೆ ಕಾಲು ಕಳಚಿ ಎತ್ತು ಮಲಗುತ್ತದೆ. ಬದನೆಕಾಯಿ ಗಾತ್ರದ ಒಂದೇ ಉಂಡೆಯಿಂದ ನಾಲ್ಕು ಕಾಲನ್ನೂ ಹಿಂಡಿ ಎಳೆಯಬೇಕು. ಕೋಡು, ಹಿಣಿಲು ಅಂಟಿಸಲೇಬೇಕಾದರೆ ಎರಡೂ ಕಡೆ ಕಡ್ಡಿಯಿಂದ ಗೀರಿ, ತೆಳು ಕೆಸರು ಹಚ್ಚಿ ಒತ್ತಬೇಕು. ಒಣಗಿಸುವುದು ನೆರಳಿನಲ್ಲಿ, ಬಿಸಿಲಿನಲ್ಲಿ ಅಲ್ಲ. ಎತ್ತು ಕುಂಟಾದರೂ ಚಿಂತೆಯಿಲ್ಲ. ಕೆಲವು ಊರುಗಳಲ್ಲಿ ಹಬ್ಬದ ಮರುದಿನ ಹುಡುಗರು ಕುಂಟೆತ್ತನ್ನೇ ಹೊತ್ತು ಮನೆಮನೆಗೆ ತಿರುಗಿ ಕಾಳು ಬೇಡುವ ಪದ್ಧತಿಯೇ ಇದೆ. ಹಳ್ಳಿಯ ಹಿರಿಯರು ಕುಂಟೆತ್ತಿಗೂ ಒಂದು ಮರ್ಯಾದೆ ಇಟ್ಟಿದ್ದರು. ನಮ್ಮ ಶಾಲೆಯ ಮಾರ್ಕ್ಸಿನ ಪುಸ್ತಕದಲ್ಲಿ ಆ ಮರ್ಯಾದೆ ಇಲ್ಲ.

ಗುಳ್ಳವ್ವನ ಅಲಂಕಾರಕ್ಕೆ ಗುಲಗಂಜಿ ಹಚ್ಚುವುದು ವಾಡಿಕೆ. ನೋಡಲು ಚೆಂದ, ಆದರೆ ಗುಲಗಂಜಿಯ ಒಳಗಿನ ತಿರುಳು ಕಡು ವಿಷ. ಅಗಿದು ನುಂಗಿದರೆ ಜೀವಕ್ಕೇ ಕುತ್ತು. ಸಣ್ಣ ಕೂಸುಗಳಿರುವ ಮನೆಯಲ್ಲಿ ಅದರ ಬದಲು ಕುಸುಬಿ, ಜೋಳ, ತೊಗರಿಕಾಳು ಸಾಕು.

ಆಷಾಢದ ಗಾಳಿಗೆ ಹಳೆ ಪೇಪರು

ಆಷಾಢ ಬಂತೆಂದರೆ ಗಾಳಿ, ಗಾಳಿಯೆಂದರೆ ಪಟ. ಅಂಗಡಿಯ ಪ್ಲಾಸ್ಟಿಕ್ ಪಟಕ್ಕಿಂತ ಮನೆಯ ಪೇಪರ್ ಪಟ ಏನೂ ಕಡಿಮೆಯಲ್ಲ. ಒಂದು ಹಾಳೆಯನ್ನು ಚೌಕ ಕತ್ತರಿಸಬೇಕು. ತೆಂಗಿನ ಕಸಬರಿಗೆಯ ಎರಡು ನೀಟು ಕಡ್ಡಿ ಬೇಕು. ಒಂದನ್ನು ಮೂಲೆಯಿಂದ ಮೂಲೆಗೆ ನೆಟ್ಟಗೆ, ಇನ್ನೊಂದನ್ನು ಬಿಲ್ಲಿನಂತೆ ಬಾಗಿಸಿ ಅಡ್ಡ ಅಂಟಿಸಬೇಕು. ಕೆಳಗೆ ಒಂದು ಬಾಲಂಗೋಚಿ, ಅದಕ್ಕೆ ದರ್ಜಿಯ ಚಿಂದಿಯೇ ಸಾಕು. ಪಟ ಗಿರಗಿರ ತಿರುಗಿದರೆ ಬಾಲ ಉದ್ದ ಮಾಡಬೇಕು, ಏಳದೆ ಬಿದ್ದರೆ ಗಿಡ್ಡ ಮಾಡಬೇಕು. ಈ ಲೆಕ್ಕವನ್ನು ಯಾರೂ ಹೇಳಿಕೊಡಬಾರದು. ಹುಡುಗ ತಾನೇ ನಾಲ್ಕು ಸಲ ಬೀಳಿಸಿ ಕಲಿಯಬೇಕು.

ದಾರ ಮಾತ್ರ ಹತ್ತಿಯದೇ ಇರಲಿ. ನೈಲಾನಿನ ಮಾಂಜಾ ದಾರ ಹಕ್ಕಿಯ ರೆಕ್ಕೆಯನ್ನೂ ಬೈಕ್ ಸವಾರರ ಕುತ್ತಿಗೆಯನ್ನೂ ಕೊಯ್ಯುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ಅದನ್ನು ದೇಶದಾದ್ಯಂತ ನಿಷೇಧಿಸಿದೆ. ಕರೆಂಟಿನ ತಂತಿ ಇರುವ ಓಣಿ ಬಿಟ್ಟು ಬಯಲಿಗೆ ಹೋಗುವುದು ಕ್ಷೇಮ.

ಅಂಟಿಗೆ ಬಾಟಲಿ ಬೇಡ. ಒಂದು ಲೋಟ ನೀರಿಗೆ ಎರಡು ದೊಡ್ಡ ಚಮಚ ಮೈದಾ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಿದರೆ ಗಂಜಿಯಂತೆ ಗಟ್ಟಿಯಾಗುತ್ತದೆ. ಬುಕ್ ಬೈಂಡಿಂಗಿನವರು ಹುಳ ಹತ್ತದಿರಲೆಂದು ಇದಕ್ಕೆ ಮೈಲುತುತ್ತ ಹಾಕುವುದುಂಟು. ಅದು ವಿಷ. ಮಕ್ಕಳ ಅಂಟಿಗೆ ಅದು ಬೇಡವೇ ಬೇಡ. ಎರಡು ದಿನದಲ್ಲಿ ಹುಳಿ ಬಂದರೆ ಚೆಲ್ಲಿ ಹೊಸದು ಮಾಡಿದರಾಯಿತು.

ಕಾನೂನಿನಲ್ಲಿ ಮಾಸ್ತರರ ಜಾಗ

ಕೈಕೆಲಸ ಓದಿನ ಹೊರಗಿನ ಮಾತು ಎನ್ನುವವರು ಸ್ವಲ್ಪ ಹಿಂದೆ ನೋಡಬೇಕು. 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ತಿರುಳೇ ಇದು: ಕೈಕಸುಬಿನ ಮೂಲಕ ಲೆಕ್ಕ, ಭಾಷೆ, ವಿಜ್ಞಾನ. ಕರ್ನಾಟಕದ್ದೇ ಆದ ‘ನಲಿ ಕಲಿ’ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು ಹಾಡು, ಆಟ, ಚಟುವಟಿಕೆಗಳ ಬೆನ್ನೇರಿ. ಸಣ್ಣ ಮಕ್ಕಳು ಮಣ್ಣು ನಾದುವಾಗ, ಕಾಗದ ಹರಿಯುವಾಗ, ಮಣಿ ಪೋಣಿಸುವಾಗ ಬೆರಳಿಗೆ ಬಲ ಬರುತ್ತದೆ. ಮುಂದೆ ಪೆನ್ಸಿಲ್ ಹಿಡಿಯುವುದೂ ಅದೇ ಬೆರಳು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ಪಾಲಕರು ಓದಿದ್ದು ಕಡಿಮೆ. ಅದರ ಪ್ರಕಾರ ಆರರಿಂದ ಎಂಟನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆ ಶಾಲೆಗೆ ಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವ ಈ ಮೂರಕ್ಕೂ ಅರೆಕಾಲಿಕ ಬೋಧಕರು ಇರಬೇಕು. ಡ್ರಾಯಿಂಗ್ ಮಾಸ್ತರರ ಕುರ್ಚಿ ಸರಕಾರದ ದಯೆಯಲ್ಲ, ಕಾಯ್ದೆಯ ಮಾತು. ಎಸ್.ಡಿ.ಎಂ.ಸಿ. ಸಭೆಗೆ ಹೋಗುವ ಪಾಲಕರು ಬಿಸಿಯೂಟದ ಬೇಳೆಯ ಬಗ್ಗೆ ಕೇಳುವಂತೆ ಇದನ್ನೂ ಕೇಳಬಹುದು.

ಶಾಲೆಯವರಿಗೂ ಎರಡು ಮಾತು. ಪ್ರಾಜೆಕ್ಟನ್ನು ‘ನಾಳೆ ತಾ’ ಎಂದು ಹೇಳಿದರೆ ಅಂಗಡಿಯದೇ ಬರುತ್ತದೆ. ಹದಿನೈದು ದಿನ ಕೊಟ್ಟರೆ ಮಗುವಿನದು ಬರಬಹುದು. ಮನೆಯಲ್ಲಿ ಮಾಡಿಸುವ ಬದಲು ಶನಿವಾರ ಅರ್ಧ ದಿನ ತರಗತಿಯಲ್ಲೇ ಕೂಡಿಸಿ ಮಾಡಿಸಿದರೆ ಇನ್ನೂ ಒಳ್ಳೆಯದು. ಮಾರ್ಕ್ಸು ಕೊಡುವಾಗ ಚೆಂದಕ್ಕೆ ಅರ್ಧ, ‘ಇದನ್ನು ಹೆಂಗ ಮಾಡಿದಿ?’ ಎಂಬ ಪ್ರಶ್ನೆಯ ಉತ್ತರಕ್ಕೆ ಅರ್ಧ ಇಟ್ಟರೆ ರಾತ್ರಿ ಎಂಟೂವರೆಯ ವ್ಯಾಪಾರ ತಾನಾಗಿ ಕಡಿಮೆಯಾದೀತು.

ವ್ಯಾಪಾರ ಕಡಿಮೆಯಾದರೆ ಅಂಗಡಿಯವರ ಗತಿ? ಹೆದರುವ ಕಾರಣವಿಲ್ಲ. ಮೊಂಡು ತುದಿಯ ಕತ್ತರಿ, ನೂಲಿನ ಉಂಡೆ, ಬಣ್ಣದ ಪುಡಿ, ಬ್ರಷ್, ಸೂಜಿ, ಕಾರ್ಡ್ ಶೀಟು ಇವೆಲ್ಲ ಹೋಗುವುದು ಅಂಗಡಿಯಿಂದಲೇ. ಒಮ್ಮೆ ಕೊಂಡ ರೆಡಿ ಮಾಡೆಲ್ ಒಂದು ದಿನದ ವ್ಯಾಪಾರ. ಕೈಕೆಲಸ ಕಲಿತ ಕೂಸು ವರ್ಷಪೂರ್ತಿ ಗಿರಾಕಿ.

ಅವನದೇ ಗೋಳಗುಮ್ಮಟ

ಈಗ ಬಸ್ಸಿನಲ್ಲಿ ಮುರಿದ ಆ ಗೋಳಗುಮ್ಮಟಕ್ಕೇ ಮರಳೋಣ. ಅದನ್ನು ಹುಡುಗ ತಾನೇ ಮಾಡಬಹುದಿತ್ತು. ಖರ್ಚು ಎರಡು ಹಿಡಿ ಮೈದಾ, ಒಂದು ಹಿಡಿ ಮೆಂತೆ.

ವಿಜಯಪುರದ ಗೋಳಗುಮ್ಮಟ ಮುಹಮ್ಮದ್ ಆದಿಲ್ ಶಾಹನ ಸಮಾಧಿ, 1656ರ ಕಾಲದ್ದು. ಕಟ್ಟಡ ಒಂದು ಘನಚೌಕ, ಪ್ರತಿ ಬದಿ ಸುಮಾರು 47.5 ಮೀಟರ್. ಅದರ ಮೇಲಿನ ಗುಮ್ಮಟದ ಹೊರಗಿನ ಅಡ್ಡಳತೆ 44 ಮೀಟರ್. ಎರಡು ಮೀಟರಿಗೆ ಒಂದು ಸೆಂಟಿಮೀಟರ್ ಎಂದು ಲೆಕ್ಕ ಹಿಡಿದರೆ ಗುಮ್ಮಟ 22 ಸೆಂಟಿಮೀಟರ್, ಕಟ್ಟಡದ ಬದಿ ಸುಮಾರು 24 ಸೆಂಟಿಮೀಟರ್. 22 ಸೆಂಟಿಮೀಟರ್ ಎಂದರೆ ಅಡಿಗೆಮನೆಯ ಒಂದು ಬೋಗುಣಿಯ ಬಾಯಿ. 24 ಎಂದರೆ ಕಿರಾಣಿ ಅಂಗಡಿಯ ಒಂದು ರಟ್ಟಿನ ಪೆಟ್ಟಿಗೆ. ನಾಲ್ಕನೇ ಇಯತ್ತೆಯ ಹುಡುಗನಿಗೆ ಲೆಕ್ಕದ ಪಾಠವೂ ಇಲ್ಲೇ ಮುಗಿಯಿತು.

ಹಳೆ ಪೇಪರನ್ನು ಸಣ್ಣಗೆ ಹರಿದು ಒಂದು ರಾತ್ರಿ ನೀರಿನಲ್ಲಿ ನೆನೆಯಿಡಬೇಕು. ಮರುದಿನ ಹಿಂಡಿ, ಕುಟ್ಟಿ ಮುದ್ದೆ ಮಾಡಬೇಕು. ಅದಕ್ಕೆ ಮೈದಾ ಅಂಟು, ನೆನೆಸಿ ರುಬ್ಬಿದ ಮೆಂತೆ ಬೆರೆಸಬೇಕು. ಮನೆಯ ಅಜ್ಜಿಗೆ ಇದನ್ನು ಹೇಳುವ ಅಗತ್ಯವೇ ಇಲ್ಲ. ಒಂದು ಕಾಲಕ್ಕೆ ಕಾಳು ಹಾಕುವ ಕಾಗದದ ಬುಟ್ಟಿಗಳನ್ನು ಮನೆಮನೆಯಲ್ಲಿ ಹೀಗೇ ಮಾಡುತ್ತಿದ್ದರು. ಬೋಗುಣಿಯನ್ನು ಬೋರಲು ಹಾಕಿ, ಮೇಲೆ ಒದ್ದೆ ಅರಿವೆ ಹೊದಿಸಿ, ಮುದ್ದೆಯನ್ನು ಅರ್ಧ ಬೆರಳು ದಪ್ಪ ತಟ್ಟಬೇಕು. ಮೂರ್ನಾಲ್ಕು ದಿನದ ಬಿಸಿಲು. ಮಳೆಗಾಲವಾದರೆ ಒಂದು ವಾರ. ಒಣಗಿದ ಮೇಲೆ ಬೋಗುಣಿ ಬಿಡಿಸಿದರೆ ಗುಮ್ಮಟ ಕೈಯಲ್ಲಿ.

ಇನ್ನು ನಾಲ್ಕು ಮೂಲೆಯ ಮಿನಾರು. ಅವು ಎಂಟು ಮುಖದವು, ಏಳು ಅಂತಸ್ತಿನವು. ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಅಂಟಿಸಲು ಬೆರಳಗಲದ ಅಂಚು ಬಿಟ್ಟು, ಉಳಿದದ್ದನ್ನು ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಬೇಕು. ಬಿಚ್ಚಿದರೆ ಎಂಟು ಪಟ್ಟಿ. ಸುತ್ತಿ ಅಂಚು ಅಂಟಿಸಿದರೆ ಎಂಟು ಮುಖದ ಗೋಪುರ. ಪ್ರತಿ ಅಂತಸ್ತಿಗೆ ಪೆನ್ಸಿಲ್ಲಿನಿಂದ ಕಿಟಕಿ. ಬಣ್ಣಕ್ಕೆ ಮಣ್ಣು ಕಲಸಿದ ನೀರು ಸಾಕು. ಪೇಪರಿನ ಮಸಿ ಕೈಗೆ ಹತ್ತಿರುತ್ತದೆ, ಊಟಕ್ಕೆ ಮೊದಲು ಕೈ ತೊಳೆಯುವುದನ್ನು ಮರೆಯಬಾರದು.

ಗುಮ್ಮಟ ತುಸು ಸೊಟ್ಟಗಾದೀತು. ಒಂದು ಮಿನಾರು ಇನ್ನೊಂದಕ್ಕಿಂತ ಗಿಡ್ಡವಾದೀತು. ಆದರೆ ಮಾಡಿದ ಹುಡುಗನಿಗೆ ಅದರ ಪ್ರತಿ ಅಂಗುಲವೂ ಗೊತ್ತು. ಮಾಸ್ತರರು ಕೇಳಿದರೆ ನಿಂತು ಹೇಳುತ್ತಾನೆ. ಒಳಗೆ ಪಿಸುಗುಟ್ಟಿದರೆ ಸುತ್ತಲಿನ ಗ್ಯಾಲರಿಯಲ್ಲಿ ಆಚೆ ಬದಿಗೆ ಕೇಳುತ್ತದೆ ಎಂಬುದನ್ನೂ ಹೇಳುತ್ತಾನೆ, ಯಾಕೆಂದರೆ ತನ್ನ ಬೋಗುಣಿ ಗುಮ್ಮಟಕ್ಕೆ ಕಿವಿಯಿಟ್ಟು ಅವನು ಪರೀಕ್ಷೆ ಮಾಡಿಯೇ ಇರುತ್ತಾನೆ.

ಅಂಥ ಗುಮ್ಮಟ ಬಸ್ಸು ಹತ್ತಿದಾಗ ಅದನ್ನು ಎತ್ತಿ ಹಿಡಿಯಲು ತಾಯಿ ಬೇಕಾಗಿಲ್ಲ. ಹುಡುಗನೇ ಎದೆಗವಚಿಕೊಂಡು ನಿಲ್ಲುತ್ತಾನೆ. ಡ್ರೈವರ್ ಬ್ರೇಕ್ ಒತ್ತಿದಾಗ ಕೆಳಗೆ ಬಿದ್ದರೂ ಕಾಗದದ ಮುದ್ದೆ ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ. ಒಡೆದರೆ ಈ ಸಲ ಅವನು ಅತ್ತೇ ಅಳುತ್ತಾನೆ. ಅಳಲಿ ಬಿಡಿ. ಸಂಜೆ ಮನೆಗೆ ಬಂದು, ಒಂದು ಲೋಟ ನೀರಿಗೆ ಎರಡು ಚಮಚ ಮೈದಾ ಹಾಕಿ, ಅದನ್ನು ಮತ್ತೆ ಅಂಟಿಸುವುದು ಅವನಿಗೆ ಗೊತ್ತಿದೆ.